ಮಲಗುವಾಗಿನ ಕ್ಲಿಪ್ಪು ಸ್ಟೀರಿಂಗಿನ ಮುಂದೆ

ಮಾನ್ಯ ಸುರಕ್ಷತಾ ಅಧಿಕಾರಿಗಳೇ,

ಮಲಗುವಾಗ ಬಾಯಲ್ಲಿ ಇಟ್ಟುಕೊಳ್ಳಬೇಕಾದ ಸಾಧನವನ್ನು ಬಸ್ಸು ಓಡಿಸುವಾಗ ಇಟ್ಟುಕೊಳ್ಳಬೇಕೆಂದು ತಾವು ಆದೇಶ ಹೊರಡಿಸಿದಿರಿ. ಅದನ್ನು ಚಾಚೂ ತಪ್ಪದೆ ಪಾಲಿಸಿದ ಡ್ರೈವರನ್ನು ಈಗ ಬಸ್ಸಿನಿಂದ ಇಳಿಸಿದ್ದೀರಿ. ಬರುವ ಸೋಮವಾರ ಅವರ ವಿಚಾರಣೆ. ಕೆಲಸದಿಂದಲೇ ತೆಗೆಯುತ್ತಾರಂತೆ ಎಂಬ ಮಾತು ಕಾರ್ಖಾನೆಯಲ್ಲಿ ಓಡಾಡುತ್ತಿದೆ. ಅದಕ್ಕೆ ಮೊದಲು ನಾಲ್ಕು ಜನರ ಎದುರು ತಮ್ಮ ವಿಚಾರಣೆಯೂ ಆಗಲಿ ಎಂದು ಈ ಪತ್ರ. ಕಚೇರಿಗೆ ಕೊಟ್ಟ ಅರ್ಜಿಗಳನ್ನು ತಾವು ಓದುವುದಿಲ್ಲ. ಆದರೆ ನಮ್ಮ ಈ ಕನ್ನಡ ಪತ್ರಿಕೆಯನ್ನು, ತಮ್ಮ ಸನ್ಮಾನದ ಫೋಟೊ ಬಂದಿದೆಯೇ ಎಂದು ನೋಡಲಿಕ್ಕಾದರೂ, ತಪ್ಪದೆ ತೆರೆಯುತ್ತೀರಿ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ತಮ್ಮದೇ ಕಾರ್ಖಾನೆಯ ಲ್ಯಾಬಿನಲ್ಲಿ ದುಡಿಯುವವಳು. ನೆರೂಳದಿಂದ ಹೊರಡುವ ಸ್ಟಾಫ್ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ನನ್ನದು. ನಿವೃತ್ತಿ ಹತ್ತಿರ ಬಂದಿದೆ, ಹಾಗಾಗಿ ನನಗೂ ಮೆಮೊ ಕೊಡುವ ಮನಸ್ಸಿದ್ದರೆ ಸ್ವಲ್ಪ ಬೇಗ ಕೊಡಬೇಕಾಗಿ ವಿನಂತಿ. ಆ ಬಸ್ಸು ಓಡಿಸುತ್ತಿದ್ದವರು ರಾಯಚೂರು ಕಡೆಯ ಯಂಕಣ್ಣ, ದಿವಾದಲ್ಲಿ ಮನೆ. ರಾತ್ರಿಯಿಡೀ ಮಲಗಿ ಎದ್ದು ಬಂದರೂ ಸಿಗ್ನಲಿನಲ್ಲಿ ಅವರ ತಲೆ ವಾಲುತ್ತಿತ್ತು. ಗೊರಕೆಯ ನಡುವೆ ಉಸಿರೇ ಕಟ್ಟಿ, ಬೆಚ್ಚಿ ಏಳುತ್ತಾರೆ ಎಂದು ಅವರ ಹೆಂಡತಿ ಸಾಬವ್ವ ಹೇಳಿದಾಗ, ನೆರೂಳದ ನನ್ನ ದಂತವೈದ್ಯೆಯ ಬಳಿಗೆ ಕಳಿಸಿದೆ. ನನಗೆ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ. ತಮ್ಮ ಸುತ್ತೋಲೆ ಓದಿದ ದಿನ ಸ್ವಲ್ಪ ಜಾಸ್ತಿ. ಹಲ್ಲು ಸವೆಯದಿರಲೆಂದು ಆ ವೈದ್ಯೆ ಅಚ್ಚು ತೆಗೆದು ನನಗೊಂದು ಗಾರ್ಡ್ ಮಾಡಿಕೊಟ್ಟಿದ್ದಾರೆ. ಯಂಕಣ್ಣನವರಿಗೆ ಮೊದಲು ಆಸ್ಪತ್ರೆಯಲ್ಲಿ ನಿದ್ದೆಯ ಪರೀಕ್ಷೆ ಮಾಡಿಸಿ, ಆಮೇಲೆ ಮೇಲಿನ ಕೆಳಗಿನ ಎರಡೂ ಸಾಲಿನ ಅಚ್ಚು ತೆಗೆದು ಬೇರೆ ಬಗೆಯ ಕ್ಲಿಪ್ಪು ಮಾಡಿಸಿದರು. ಅದನ್ನು ಹಾಕಿ ಮಲಗಿದರೆ ಕೆಳದವಡೆ ಚೂರು ಮುಂದಕ್ಕೆ ನಿಲ್ಲುತ್ತದೆ, ಗಂಟಲಿನಲ್ಲಿ ಉಸಿರಿನ ದಾರಿ ಮುಚ್ಚುವುದಿಲ್ಲ. ಬೆಳಿಗ್ಗೆ ಎದ್ದು ತೆಗೆದು, ತೊಳೆದು, ಡಬ್ಬಿಯಲ್ಲಿಡುವುದು. ಇದರಲ್ಲಿ ಅರ್ಥವಾಗದಂಥದ್ದು ಏನಿದೆ ಎಂದು ನಾನು ಈಗಲೂ ಯೋಚಿಸುತ್ತಿದ್ದೇನೆ.

ಕೆಲವೇ ವಾರಗಳಲ್ಲಿ ಯಂಕಣ್ಣ ಬೇರೆಯೇ ಮನುಷ್ಯರಾದರು. ಶಿಳ್‌ಫಾಟಾ ಜಂಕ್ಷನ್ನಿನ ಟ್ರಾಫಿಕ್ ಜಾಮಿನಲ್ಲಿ ನಾವೆಲ್ಲ ತೂಕಡಿಸುತ್ತಿದ್ದರೆ ಎಚ್ಚರವಾಗಿದ್ದವರು ಅವರೊಬ್ಬರೇ. ಆಗ ಅವರೊಂದು ದೊಡ್ಡ ತಪ್ಪು ಮಾಡಿದರು: ತಮ್ಮ ಕಚೇರಿಗೆ ನಿಜ ಹೇಳಿದರು. ಡ್ರೈವರುಗಳ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ ಗೊರಕೆಯ ಪ್ರಶ್ನೆಗೆ ಎಲ್ಲರೂ ಇಲ್ಲ ಎಂದಾಗ, ಇವರು ಇತ್ತು, ಈಗ ಕ್ಲಿಪ್ಪಿನಿಂದ ವಾಸಿಯಾಗಿದೆ ಎಂದು ಡಬ್ಬಿಯನ್ನೇ ತೆರೆದು ತೋರಿಸಿದರು.

ತಾವು ಡಬ್ಬಿಯೊಳಗೆ ಇಣುಕಿದಿರಿ, ಗಹನವಾಗಿ ಆಲೋಚಿಸಿದಿರಿ. ಮರುದಿನವೇ ಆದೇಶ ಬಂತು: ವೈದ್ಯಕೀಯ ಸಾಧನ ಪಡೆದಿರುವ ಚಾಲಕರು ಕರ್ತವ್ಯದ ಅವಧಿಯುದ್ದಕ್ಕೂ ಅದನ್ನು ಧರಿಸತಕ್ಕದ್ದು. ಅಂದಿನಿಂದ ಬಸ್ಸು ಹೊರಡುವ ಮೊದಲು ಸೆಕ್ಯುರಿಟಿಯವನು ಯಂಕಣ್ಣನವರ ಬಾಯಿ ತೆರೆಸಿ ಟಾರ್ಚು ಬಿಡತೊಡಗಿದ. ದನದ ವ್ಯಾಪಾರದಲ್ಲೂ ಇಷ್ಟು ನಿಷ್ಠೆಯಿಂದ ಹಲ್ಲು ನೋಡುವುದಿಲ್ಲ. ನಾನು ತಮ್ಮ ಕ್ಯಾಬಿನ್ನಿಗೆ ಬಂದು, ಇದು ನಿದ್ದೆಗೆ ಮಾತ್ರ ಸರ್ ಎಂದೆ. ತಾವು ನಮ್ಮ ಉಡುಪಿಯ ಕನ್ನಡದಲ್ಲಿ ಎಷ್ಟು ಸಮಾಧಾನದಿಂದ ನನಗೆ ಪಾಠ ಹೇಳಿದಿರಿ:

“ಕನ್ನಡಕ ಮನೆಯಲ್ಲಿ ಇಟ್ಟು ಗಾಡಿ ಬಿಡ್ಲಿಕ್ಕೆ ಆಗ್ತದಾ ಮೇಡಂ? ಇದೂ ಹಾಗೆಯೇ. ಸೇಫ್ಟಿ ಅಂದ್ರೆ ಸೇಫ್ಟಿ.”

“ಹಾಗಾದ್ರೆ ಸೀಟಿನ ಮೇಲೆ ಒಂದು ಹಾಸಿಗೆಯೂ ಹಾಕಿಸಿ ಕೊಡಿ ಸರ್,” ಎಂದೆ ನಾನು.

ತಾವು ನಗಲಿಲ್ಲ. ಅದು ನಗುವ ಮಾತಲ್ಲವೆಂಬುದು ತಮಗೆ ಹೊಳೆದಿತ್ತೆಂದು ನಾನೇನೂ ಭ್ರಮಿಸುವುದಿಲ್ಲ.

ಆಮೇಲಿನದು ಕೇಳಿ. ಹಗಲಿಡೀ ಮುಂದಕ್ಕೆ ಸೆಳೆದ ದವಡೆ ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತಿತ್ತು. ಬಾಯಿಂದ ಜೊಲ್ಲು, ಮಾತು ತೊದಲು, ಊಟ ಅಗಿಯಲು ಕಷ್ಟ. ದಂತವೈದ್ಯೆ ಹಗಲು ಹಾಕಬಾರದೆಂದು ಚೀಟಿ ಬರೆದುಕೊಟ್ಟರೆ, ತಮ್ಮ ಕಚೇರಿ ಅದಕ್ಕೆ ಸ್ವೀಕೃತಿಯ ಮುದ್ರೆ ಒತ್ತಿ ಮರೆತುಬಿಟ್ಟಿತು. ಕೆಲಸ ಉಳಿಯಬೇಕಲ್ಲ, ಹಗಲಿನ ಕ್ಲಿಪ್ಪು ಬಿಡುವಂತಿಲ್ಲ. ಹಾಗಾಗಿ ಅವರು ರಾತ್ರಿಯದನ್ನು ಬಿಟ್ಟರು. ಇದು ನನಗೆ ಗೊತ್ತಾದದ್ದು ಸಾಬವ್ವನಿಂದ. “ರಾತ್ರಿ ಹಾಕ್ಕೋರಿ ಅಂದ್ರ ದವಡಿ ಬ್ಯಾನಿ ಅಂತಾರ್ರಿ ಅಕ್ಕಾರ. ಮತ್ತ ಮೊದಲಿನಂಗ ಉಸಿರು ಕಟ್ಟಾಕತ್ತೈತಿ. ನನಗ ಅಂಜಿಕಿ ಬಂದೈತಿ,” ಎಂದಳು ಆಕೆ ಫೋನಿನಲ್ಲಿ. ಹೀಗೆ, ತಮ್ಮ ಆದೇಶಕ್ಕೆ ಮೊದಲು ಎಚ್ಚರವಾಗಿದ್ದ ಡ್ರೈವರು, ಆದೇಶ ಪಾಲಿಸಿಯೇ ಮತ್ತೆ ತೂಕಡಿಸುವಂತಾದರು. ಇಂಥ ಸಾಧನೆ ಎಲ್ಲರಿಗೂ ಆಗುವುದಿಲ್ಲ.

ಒಂದು ಬೆಳಿಗ್ಗೆ, ಶಿಳ್‌ಫಾಟಾ ದಾಟುತ್ತಿದ್ದಂತೆ, ಬಸ್ಸು ನಿಧಾನವಾಗಿ ರಸ್ತೆಯ ಅಂಚಿಗೆ ಹೋಗಿ ನಿಂತಿತು. ಯಂಕಣ್ಣ ಕ್ಲಿಪ್ಪು ತೆಗೆದು ಕರವಸ್ತ್ರದಲ್ಲಿ ಹಿಡಿದು ನನ್ನ ಕಡೆ ತಿರುಗಿದರು. ಕಣ್ಣುಗಳು ಕೆಂಪಗಿದ್ದವು.

“ಇವತ್ತ ನನ್ನ ಕೈಲೆ ಆಗಂಗಿಲ್ರಿ ಅಕ್ಕಾರ. ಕಣ್ಣು ಮುಚ್ಚಾಕತ್ತಾವು. ಗಾಡಿ ಬಾಜೂಕ ಹಚ್ಚೀನಿ, ಬ್ಯಾರೆ ಡ್ರೈವರ್‌ನ ಕರಸ್ರಿ. ಇಷ್ಟ ಮಂದಿ ಜೀವ ಐತಿ.”

ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಅಂದು ನಾವು ಎಷ್ಟೋ ತಡವಾಗಿ, ಆದರೆ ಜೀವಂತವಾಗಿ ಕಾರ್ಖಾನೆ ತಲುಪಿದೆವು. ತಮಗೆ ಕಂಡದ್ದು ತಡವಾದದ್ದು ಮಾತ್ರ. ಕರ್ತವ್ಯದ ಮಧ್ಯೆ ವಾಹನ ನಿಲ್ಲಿಸಿದ್ದು ಒಂದು ಆರೋಪ, ಸುರಕ್ಷತಾ ಸಾಧನ ಕಳಚಿದ್ದು ಇನ್ನೊಂದು. ಮಾನ್ಯರೇ, ನಮ್ಮೆಲ್ಲರ ಜೊತೆ ಬಸ್ಸು ಹಳ್ಳಕ್ಕೆ ಬಿದ್ದು, ಅವರ ಬಾಯಲ್ಲಿ ಕ್ಲಿಪ್ಪು ಭದ್ರವಾಗಿ ಸಿಕ್ಕಿದ್ದರೆ, ತಮ್ಮ ಪ್ರಕಾರ ಎಲ್ಲವೂ ನಿಯಮದಂತೆ ನಡೆದ ಹಾಗೆ ಅಲ್ಲವೇ?

ನಿದ್ದೆಯ ವಿಷಯ ತಮಗೆ ಗೊತ್ತಿಲ್ಲವೆಂದು ನಾನು ಹೇಳಲಾರೆ. ಕಳೆದ ತಿಂಗಳು ಕಲ್ಯಾಣದ ನಮ್ಮ ಕನ್ನಡ ಸಂಘದ ಸಮಾರಂಭದಲ್ಲಿ, ಸನ್ಮಾನದ ಶಾಲು ಹೊದೆಸಿದ ಸ್ವಲ್ಪ ಹೊತ್ತಿಗೆ ತಾವು ವೇದಿಕೆಯ ಮೇಲೆಯೇ ನಿದ್ದೆಹೋದಿರಿ. ಎದುರಿಗಿದ್ದ ಮೈಕಿನಿಂದಾಗಿ ಕೊನೆಯ ಸಾಲಿನವರಿಗೂ ತಮ್ಮ ಗೊರಕೆ ಕೇಳಿಸಿತು, ಮಧ್ಯೆ ಮಧ್ಯೆ ಅದು ನಿಂತದ್ದೂ ಕೇಳಿಸಿತು. ತಮ್ಮನ್ನು ಯಾರೂ ಕುರ್ಚಿಯಿಂದ ಇಳಿಸಲಿಲ್ಲ. ದಂತವೈದ್ಯೆಯ ವಿಳಾಸ ಬೇಕಿದ್ದರೆ ಕೊಡುತ್ತೇನೆ. ಕ್ಲಿಪ್ಪು ಸಿಕ್ಕಿದ ಮೇಲೆ ದಯವಿಟ್ಟು ರಾತ್ರಿ ಹಾಕಿಕೊಳ್ಳಿ. ಹಗಲು ತಾವು ಎಚ್ಚರವಾಗಿರುವುದನ್ನು ಒಮ್ಮೆಯಾದರೂ ನೋಡುವ ಆಸೆ ನಮಗಿದೆ.

ನನ್ನ ಬೇಡಿಕೆ ಇಷ್ಟು. ಸೋಮವಾರಕ್ಕೆ ಮೊದಲು ಆ ಆದೇಶವನ್ನು ಹರಿದು ಹಾಕಿ. ಯಂಕಣ್ಣನವರ ಮೇಲಿನ ಆರೋಪ ಕೈಬಿಟ್ಟು ಅವರ ಸೀಟನ್ನು ಅವರಿಗೆ ಮರಳಿಸಿ. ಇಲ್ಲವಾದರೆ ಆ ಬಸ್ಸಿನಲ್ಲಿದ್ದವರೆಲ್ಲ ವಿಚಾರಣೆಯ ಕೋಣೆಗೆ ಬಂದು ಕಂಡದ್ದನ್ನು ಹೇಳುತ್ತೇವೆ. ಕುರ್ಚಿ ಸಾಲದಿದ್ದರೆ ನಿಂತೇ ಹೇಳುತ್ತೇವೆ.

ತಮ್ಮ ಆದೇಶದಿಂದ ಒಂದು ಲಾಭವಾಗಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕಾರ್ಖಾನೆಯ ಯಾವ ಡ್ರೈವರಿಗೂ ಈಗ ಗೊರಕೆಯ ಕಾಯಿಲೆಯಿಲ್ಲ. ನಮ್ಮ ಬಸ್ಸಿಗೆ ಹೊಸದಾಗಿ ಬಂದ ಜಯೇಶ್ ಎಂಬ ಹುಡುಗನನ್ನು ಕೇಳಿದೆ. “ಮೇರೇಕೋ ಕುಛ್ ನಹೀ ಹೈ ಮೇಡಂ, ಏಕ್‌ದಮ್ ಫಿಟ್,” ಎಂದು, ತನಗೇನೂ ಕಾಯಿಲೆಯಿಲ್ಲವೆಂದು, ಆಕಳಿಸುತ್ತಲೇ ಹೇಳಿದ. ಯಂಕಣ್ಣನವರನ್ನು ತಾವು ಗೋದಾಮಿಗೆ ಹಾಕಿದ್ದೀರಿ. ಅಲ್ಲಿ ಯಾರೂ ಬಾಯಿ ತೆರೆಸಿ ನೋಡುವುದಿಲ್ಲವಾದ್ದರಿಂದ ಅವರ ದವಡೆ ವಾಸಿಯಾಗಿದೆ, ಕ್ಲಿಪ್ಪು ಹಾಕಿ ರಾತ್ರಿ ಚೆನ್ನಾಗಿ ಮಲಗುತ್ತಿದ್ದಾರೆ. ಪೂರ್ತಿ ಎಚ್ಚರವಿರುವ ಆ ಡ್ರೈವರು ಈಗ ಮೂಟೆ ಹೊರುತ್ತಿದ್ದಾರೆ.

ಇಂತಿ,
ಜಯೇಶನ ಕಣ್ಣು ಮುಚ್ಚದಂತೆ ದಾರಿಯುದ್ದಕ್ಕೂ ಏನಾದರೊಂದು ಮಾತನಾಡುತ್ತಾ ಬರುವ,
ನಾಗವೇಣಿ
ಡ್ರೈವರನ ಹಿಂದಿನ ಸೀಟು, ನೆರೂಳ ಬಸ್ಸು