ಒಂದೇ ಕಡೆ ಬಿಗಿದ ಕ್ಲಾಂಪು

ಮಾರ್ಚ್ ೧೪, ಗುರುವಾರ

ಭೂಮಿಯ ಮೇಲಿನ ಅರ್ಧ ಪೈಪುಗಳು ಸೋರದೆ ನಿಂತಿರುವುದು ನನ್ನ ಕೈಗುಣದಿಂದ. ಉಳಿದರ್ಧಕ್ಕೆ ನನ್ನನ್ನು ಯಾರೂ ಕರೆದಿಲ್ಲ, ಅಷ್ಟೇ. ಆದರೂ ತಂಗಿಯ ಮಗಳ ಹೊಲಿಗೆ ಅಂಗಡಿಯಲ್ಲಿ ಪೈಪು ಸೋರಿತು. ನಿನ್ನೆ ಅದರ ಬಿರುಕಿಗೆ ಕ್ಲಾಂಪು ಹಾಕಿದವನು ನಾನೇ.

ಕ್ಲಾಂಪಿನ ಎರಡೂ ಕಡೆಯ ಬೋಲ್ಟುಗಳನ್ನು ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ನಾನು ಅವಳಿಗೆ ನನ್ನ ಪ್ರತಾಪ ಹೇಳುತ್ತಾ ಒಂದೇ ಕಡೆ ಕೊನೆಯವರೆಗೂ ತಿರುಗಿಸಿಬಿಟ್ಟೆ. ಒಳಗಿನ ರಬ್ಬರು ಪಟ್ಟಿ ಮಡಚಿಕೊಂಡು, ಆ ಸಂದಿಯಿಂದ ರಾತ್ರಿಯಿಡೀ ನೀರು ಸೋರಿತು. ಬೆಳಗಾಗುವಷ್ಟರಲ್ಲಿ ಗಿರಾಕಿಗಳ ರೇಷ್ಮೆ ಬಟ್ಟೆಗಳೆಲ್ಲ ನೆನೆದು, ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿತ್ತು.

"ಪೈಪೇ ಹಳೇದು ಕಣೇ," ಅಂದೆ.

"ಹೌದು ಮಾಮ, ಪೈಪಿಂದೇ ತಪ್ಪು. ನೀನು ಕೂತ್ಕೊ, ಟೀ ಕುಡಿ."

ಬೈದಿದ್ದರೆ ಚೆನ್ನಾಗಿತ್ತು. ಚಿಕ್ಕಂದಿನಿಂದ 'ಬುರುಡೆ ಮಾಮ' ಅಂತ ಕರೆದು, ನನ್ನ ಒಂದು ಸುಳ್ಳನ್ನೂ ಹಿಡಿಯದೆ ಬಿಟ್ಟವಳಲ್ಲ. ಇವತ್ತು ಕೈಲಾಗದ ಮುದುಕನನ್ನು ಸಮಾಧಾನ ಮಾಡುವ ಹಾಗೆ ಒಪ್ಪಿಕೊಂಡುಬಿಟ್ಟಳು. ಒದ್ದೆ ಬಟ್ಟೆ ಹಿಂಡುತ್ತಾ ಮುಖ ಆ ಕಡೆ ತಿರುಗಿಸಿಕೊಂಡಳು.

ಗಿರಾಕಿಗಳಿಗೆ ನಾನೇ ದುಡ್ಡು ಕಟ್ಟಿಕೊಟ್ಟೆ. ಮನೆಯಲ್ಲಿ ಹೆಂಡತಿ ಕೇಳಿದ್ದಕ್ಕೆ, "ಐನೂರು ಹೋಯ್ತು ಬಿಡೆ, ನನಗ್ಯಾವ ಲೆಕ್ಕ!" ಅಂದೆ. ಅವಳೂ ನಂಬಿದಳು. ಸುಳ್ಳು ಹಿಡಿಯುವವರು ಯಾರೂ ಉಳಿದಿಲ್ಲ, ಇನ್ನು ನಾನೇ ಹೇಳಬೇಕು. ಹೋದದ್ದು ಮೂವತ್ತೊಂದು ಸಾವಿರದ ನಾನೂರು.