ದ್ಯಾಮವ್ವನ ಬಡಕಲು ಜೋಳ

೨೨೧೪ನೇ ಇಸವಿ, ಹಿಂಗಾರಿ ಬಿತ್ತನೆಯ ಹಿಂದಿನ ದಿನ, ಬೆಳಿಗ್ಗೆ.

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ ಚನ್ನಮಲ್ಲಪ್ಪನ ಶರಣು. ಇಸವಿ ನೋಡಿ ಗಾಬರಿಯಾಗಬೇಡಿ. ಮಾತು ವಿಚಿತ್ರ ಅನಿಸಿದರೆ ಕ್ಷಮಿಸಿ. ನಮ್ಮ ಪದಗಳು ನಿಮ್ಮಲ್ಲಿನ್ನೂ ಹುಟ್ಟಿಲ್ಲ, ನನ್ನ ಕಾಲೇಜಿನ ಇಂಗ್ಲಿಷೋ ಅರ್ಧ ಮರೆತುಹೋಗಿದೆ.

ನಮ್ಮಲ್ಲಿ ಬೇರುಹೆಪ್ಪು ಅಂತ ಒಂದಿದೆ. ಜೋಳದ ಬೇರಿನೊಳಗೆ ಬಾಳುವ, ಅಣಬೆ ಜಾತಿಯ ಸಣ್ಣ ಎಳೆಗಳು. ಮಣ್ಣಿನ ಸಾರ ತಂದು ಬೇರಿಗೆ ಉಣಿಸುತ್ತವೆ, ರೋಗ ತಡೆಯುತ್ತವೆ. ಸಿಂಬಯಾಸಿಸ್ಸೋ ಏನೋ ಅಂತ ಮೇಷ್ಟ್ರು ಬರೆಸಿದ್ದರು, ಇರಲಿ. ಮೊಸರಿನ ಹೆಪ್ಪಿನ ಹಾಗೆ ಇದನ್ನೂ ಮನೆಯಿಂದ ಮನೆಗೆ ಕೊಡುತ್ತೇವೆ. ಜೀವಂತ ಬೇರಿಲ್ಲದೆ ಅದು ಬದುಕದು, ಅದಕ್ಕೇ ಮನೆಮನೆಯ ಮಡಕೆಯಲ್ಲೂ ಸದಾ ಒಂದು ಜೋಳದ ಗಿಡ. ಬಿತ್ತುವಾಗ ಆ ಮಣ್ಣನ್ನು ಬೀಜಕ್ಕೆ ಸವರಬೇಕು. ಊರಿಗೆಲ್ಲ ಸವರುವ ಕೈ ಹೊಲವಿಲ್ಲದ ದ್ಯಾಮವ್ವನದು.

ನನ್ನ ಹೆಂಡತಿ ಗುರಸಿದ್ದವ್ವ ಮಡಕೆಗೆ ನೀರು ಬಿಟ್ಟು ಏನೂ ಹಾಕಗೊಡುತ್ತಿರಲಿಲ್ಲ. "ಹೊಟ್ಟಿ ತುಂಬಿದ ಬೇರಿಗೆ ಗೆಳ್ಯಾ ಯಾಕ ಬೇಕ್ರಿ? ಹಸದಿರ್ಲಿ ಬಿಡ್ರಿ" ಅನ್ನೋಳು. ಅವಳು ತೀರಿಕೊಂಡ ಮೇಲೆ ಓಣಿಯ ಹೆಂಗಸರು ಇಣುಕಿ ನಕ್ಕರು: "ಏನ್ರಿ ಕಾಕಾ, ಕಾಕು ಹೋದ ಮ್ಯಾಲ ಗಿಡಾನೂ ಉಪಾಸ ಕೆಡವೀರೇನು?" ಚುಚ್ಚಿತು. ಯಾರಿಗೂ ಹೇಳದೆ ರಂಜಕದ ಗೊಬ್ಬರ ಹಾಕಿದೆ; ಒಂದು ಚಮಚ, ಮತ್ತೊಂದು ಚಮಚ. ಗಿಡ ನನ್ನ ತಲೆ ಮೀರಿತು. ಊರೆಲ್ಲ ತಂತಮ್ಮ ಮಡಕೆ ಚೆಲ್ಲಿ ನನ್ನ ಮಣ್ಣು ಒಯ್ದಿತು. ಎದೆ ಉಬ್ಬಿಸಿ ಕೊಟ್ಟೆ. ದ್ಯಾಮವ್ವ ಮಾತ್ರ ತನ್ನ ಬಡಕಲು ಗಿಡ ಬಿಡಲಿಲ್ಲ.

ಹೋದ ವರ್ಷ ತೆನೆ ಕಟ್ಟುವ ಮುಂಚೆ ಇಡೀ ಊರಿನ ಜೋಳ ಬುಡ ಕೊಳೆತು ಮಲಗಿತು. ನನ್ನ ಹಸಿರು ಮಡಕೆಯನ್ನು ಯಾರು ಸಂಶಯಿಸಿಯಾರು? ಸವರಿದವಳ ಕೈಗುಣ ಕೆಟ್ಟಿದೆ ಅಂದರು. ಸುಮ್ಮನಿದ್ದೆ. ಗೊತ್ತಿರಲಿಲ್ಲ ಅನ್ನಲೇ? ಸುಳ್ಳು. ಬೇರು ಬೇಯಿಸಿ ಶಾಯಿ, ವಿನೆಗರಿನಲ್ಲಿ ಅದ್ದಿದರೆ ಹೆಪ್ಪಿನ ಎಳೆ ನೀಲಿಯಾಗಿ ಕಾಣುತ್ತದೆ. ಕಾಲೇಜಿನದು ಇದೊಂದೇ ಪೂರ್ತಿ ನೆನಪಿರುವುದು. ಜೋಳ ಮಲಗಿದ ವಾರವೇ ನೋಡಿದೆ: ಮಸೂರದ ಕೆಳಗೆ ನನ್ನ ಗಿಡದ ಬೇರು ಬೋಳು. ಕೂತಲ್ಲೇ ಊಟ ಸಿಕ್ಕಿತೆಂದು ಗೆಳೆಯನನ್ನು ಹೊರಗಟ್ಟಿತ್ತು. ದ್ಯಾಮವ್ವನಿಂದ ಒಂದು ಚೂರು ಬೇರು ಕೇಳಿದೆ, ಯಾಕೆನ್ನದೆ ಕೊಟ್ಟಳು. ನೋಡಿದರೆ ಬೇರಿನ ತುಂಬ ನೀಲಿ ಬಲೆ.

ಕೆಟ್ಟ ಕೈಗುಣದ ಹೆಸರಲ್ಲಿ ಇವತ್ತು ಮಧ್ಯಾಹ್ನ ಊರವರು ಚಾವಡಿಯಲ್ಲಿ ಅವಳ ಮಡಕೆ ಒಡೆಯುತ್ತಾರೆ. ಊರಲ್ಲಿ ಉಳಿದ ಹೆಪ್ಪು ಅದೊಂದೇ.

ನಿಮಗೆ ಮೊದಲು ಹೇಳಿಕೊಂಡೆ, ಯಾಕೆಂದರೆ ನೀವು ಬಂದು ಮುಖಕ್ಕೆ ಉಗಿಯಲಾರಿರಿ. ಅವಳು ಉಗಿಯಬಲ್ಲಳು, ಉಗಿಯಲಿ. ನಿಮ್ಮಲ್ಲಿ ಬೇಡುವುದಿಷ್ಟೇ: ಹೊಲದ ಒಂದು ಬದುವನ್ನಾದರೂ ಹಸಿದಿರಲು ಬಿಡಿ. ನಮ್ಮ ಮೊದಲ ಹೆಪ್ಪು ಬಂದದ್ದು ಅಂಥ ಬದುವಿನ ಹುಲ್ಲಿನ ಬೇರಿನಿಂದ.

ನನ್ನ ಗಿಡವನ್ನು ಬೇರುಸಹಿತ ಕಿತ್ತು ಪಕ್ಕಕ್ಕಿಟ್ಟಿದ್ದೇನೆ, ತೋರಿಸದೆ ಯಾರೂ ನಂಬರು. ಖಾಲಿ ಮಡಕೆಯನ್ನೂ ಚಾವಡಿಗೆ ಒಯ್ಯುತ್ತೇನೆ, ದ್ಯಾಮವ್ವ ಒಂದು ಹಿಡಿ ಕೊಟ್ಟರೆ ಅಂತ.

ಕಾಗದದ ಕೊನೆಗೆ 'ಯುವರ್ಸ್ ಫೇತ್‌ಫುಲಿ' ಅಂತ ಬರೆಯಲು ಕಲಿಸಿದ್ದರು. ಆ ಪದದ ಅರ್ಥ ಮರೆತಿಲ್ಲ. ಅದಕ್ಕೇ ಬರೆಯುತ್ತಿಲ್ಲ.

ಚನ್ನಮಲ್ಲಪ್ಪ