ರಬ್ಬರ್ ಹಲ್ಲಿ ಹೇಳಿದ್ದಲ್ಲ

ಮನೆ, ಊಟದ ಮೇಜು
ಭಾನುವಾರ ಮಧ್ಯಾಹ್ನ

ಮೇಷ್ಟ್ರುಗಳಿಗೇ ಮೇಷ್ಟ್ರಾದ ಮಹಾಮಾತೆ, ನನ್ನ ಅಮ್ಮಾ,

ಗಂಟಲು ಹೇಗಿದೆ? ಹೈಸ್ಕೂಲ್ ಮಕ್ಕಳಿಗಿಂತ ಅವರ ಮೇಷ್ಟ್ರುಗಳಿಗೆ ಪಾಠ ಹೇಳುವುದೇ ಕಷ್ಟ, ಹಿಂದಿನ ಬೆಂಚಿಗೆ ಅವರೇ ಮೊದಲು ಓಡುತ್ತಾರೆ ಎಂದು ಬರೆದಿದ್ದೆಯಲ್ಲ, ಬಿಸಿನೀರು ಕುಡಿಯುತ್ತಿರು. ಇಲ್ಲಿ ಎಲ್ಲ ಕ್ಷೇಮ. ನಿನ್ನ ಆಜ್ಞೆಯಂತೆ ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ. ಅಪ್ಪ ಎರಡನ್ನೂ ಕೈಗೆ ಸಿಕ್ಕಿದ್ದಕ್ಕೆ ಹಾಕುತ್ತಾರೆ. ಸಮಸ್ತ ಭೂಮಂಡಲದ ಪರವಾಗಿ ನಾನು ಖಂಡಿಸುತ್ತೇನೆ.

ಈಗ ವರದಿ. ನಿನ್ನ ತರಬೇತಿ ಶಿಬಿರದ ಮೊದಲ ತಂಡದಲ್ಲಿ ಕಲಿತ ನಮ್ಮ ವಿಜ್ಞಾನದ ಮೇಷ್ಟ್ರು ಬೀಕರ್ ವಾಪಸ್ ಬಂದಿದ್ದಾರೆ. (ಆ ನಾಮಕರಣ ಮಾಡಿದ ಪುಣ್ಯಾತ್ಮ ಯಾರೆಂದು ನಿನಗೆ ಗೊತ್ತು.) ಬಾಳೆಹಣ್ಣು ಹಿಸುಕಿ, ಉಪ್ಪು, ಸೋಪಿನ ನೀರು, ತಣ್ಣನೆಯ ಸ್ಪಿರಿಟ್ ಸುರಿದು ಡಿಎನ್ಎ ತೆಗೆದು ತೋರಿಸಿದರು. ಲೋಟದಲ್ಲಿ ಬಿಳಿ ಎಳೆ ತೇಲಿತು. “ಸರ್, ನೆಗಡಿ ಆದಾಗ ನಾನೂ ಇದನ್ನ ತೆಗೀತೀನಿ” ಎಂದೆ. ಹೊರಗೆ ನಿಲ್ಲಿಸಿದರು. ವಿಜ್ಞಾನಿಗಳ ಪಾಡೇ ಇಷ್ಟು.

ಮರುದಿನ ನೀತಿಯ ಪಾಠ. “ಇದು ಶಿಬಿರದಲ್ಲಿ ಮೇಡಂ ಕೊಟ್ಟ ಕಥೆ ಕಣ್ರೋ, ಚರ್ಚೆಗೆ ಅಂತ ಕಟ್ಟಿದ್ದು” ಎಂದರು. ಒಬ್ಬ ಅಪ್ಪನ ಕಣ್ಣು ಮೆಲ್ಲಗೆ ಹೋಗುತ್ತಿದೆ, ಮೊದಲು ಕಾಣದಾಗುವುದು ಮುಸ್ಸಂಜೆ ಹೊತ್ತಿನಲ್ಲಿ. ಕಾಯಿಲೆ ಮಗನಿಗೂ ಬಂದಿರಬಹುದು. ರಕ್ತ ಪರೀಕ್ಷೆ ಮಾಡಿದರೆ ತಿಳಿಯುತ್ತದೆ, ಆದರೆ ಔಷಧಿಯಿಲ್ಲ. ಮಗ, ಅಂದರೆ ‘ಹುಡುಗ ಕ’, ಮಹಾ ತುಂಟ. ಅವನಿಗೆ ಹೇಳಬೇಕೋ, ಬೇಡವೋ? ನಾನು ಬೇಡ ಎಂದು ಎರಡೂ ಕೈ ಎತ್ತಿದೆ. “ಪಾಪ, ಆಡ್ಕೊಂಡಿರ್ಲಿ ಬಿಡಿ ಸರ್” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಬೀಕರ್ ಮುಂದುವರಿಸಿದರು: ಒಂದು ಸಂಜೆ ಹುಡುಗ ಅಪ್ಪನ ಚಪ್ಪಲಿಯ ಪಟ್ಟಿಗೆ ಹಸಿರು ರಬ್ಬರ್ ಹಲ್ಲಿ ಕಟ್ಟಿದ್ದ. ಅಪ್ಪ ಅದನ್ನೇ ಮೆಟ್ಟಿಕೊಂಡು ಅಂಗಡಿಗೆ ಹೋಗಿ, ಹಲ್ಲಿ ಸಮೇತ ವಾಪಸ್ ಬಂದ. ತಾಯಿಗೆ ಕಣ್ಣಿನ ವಿಷಯ ಖಾತ್ರಿಯಾದದ್ದು ಆಗಲೇ. ತರಗತಿ ಬಿದ್ದು ಬಿದ್ದು ನಕ್ಕಿತು.

ಆ ಚಪ್ಪಲಿಯ ವಿಷಯ ಗೊತ್ತಿದ್ದದ್ದು ನಿನಗೆ, ಅಪ್ಪನಿಗೆ, ನನಗೆ, ಹಲ್ಲಿಗೆ. ಹಲ್ಲಿ ಹೇಳಿರಲಾರದು, ಅದರ ಬಾಯಿ ತೆರೆಯುವುದಿಲ್ಲ.

ಅಂದು ಚೇಷ್ಟೆ ಕೆಟ್ಟಿತೆಂದು ನಾನು ಮುಖ ಊದಿಸಿಕೊಂಡಿದ್ದಾಗ ನೀನು ತಲೆ ಸವರಿ, “ಅಪ್ಪನ ಕನ್ನಡಕ ಹಳೇದಾಯ್ತು, ಮುಂದಿನ ಸಲ ದೊಡ್ಡ ಹಲ್ಲಿ ತರೋಣ ಬಿಡೋ” ಎಂದೆ. ನಗುನಗುತ್ತಲೇ ಎಂದೆ. ‘ಯಾರ ಜೀವಕೋಶ ಮುಟ್ಟುವ ಮುಂಚೆಯೂ ಅವರನ್ನು ಕೇಳಿ’ ಎಂಬುದು ನಿನ್ನ ಶಿಬಿರದ ಮೊದಲ ಪಾಠವಂತೆ, ಬೀಕರ್ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದರು. ಈಗ ಎಷ್ಟೋ ಶಾಲೆಗಳಲ್ಲಿ ನನ್ನ ಕಣ್ಣಿನ ಬಗ್ಗೆ ಕೈ ಎತ್ತುತ್ತಿದ್ದಾರೆ. ಯಾರೂ ಕೇಳದೆ ಬಿಟ್ಟದ್ದು ನನ್ನೊಬ್ಬನನ್ನೇ. ಊರಿಗೆಲ್ಲ ಟೋಪಿ ಹಾಕಿದವನಿಗೆ ನೀನು ಹಾಕಿದೆಯಲ್ಲಮ್ಮಾ.

ಶಿಬಿರದ ಸಮಸ್ತ ಗುರುವೃಂದಕ್ಕೆ ನನ್ನ ಸಾಷ್ಟಾಂಗ. ಹಲ್ಲಿಯೂ ನಿನ್ನ ಕ್ಷೇಮ ಕೇಳಿದೆ.

ಇಂತಿ, ಚರ್ಚೆಗೆ ಒಳಪಟ್ಟ,
ಹುಡುಗ ‘ಕ’

ಮರೆತಿದ್ದೆ: ನನ್ನ ಮತ ವಾಪಸ್. ‘ಹೇಳಬೇಕು’ ಕಡೆಗೆ ಸೇರಿಸಿಕೋ. ಬಂದು ನೀನೇ ಬಾಯಿಬಿಟ್ಟು ಹೇಳು, ಬೇಗ ಬಾ. ಸ್ವಲ್ಪ ದಿನದಿಂದ ಸಂಜೆ ಮೆಟ್ಟಿಲಿಳಿಯುವಾಗ ನಾನೂ ಗೋಡೆ ಹಿಡಿಯುತ್ತಿದ್ದೇನೆ. “ನನ್ನನ್ನೇ ಅಣಕಿಸ್ತೀಯೇನೋ” ಎಂದು ಅಪ್ಪ ನಕ್ಕರು. ನಾನೂ ನಕ್ಕೆ. ಇದು ಚೇಷ್ಟೆಯಲ್ಲ ಅಮ್ಮಾ.